ಮಾವನ ಪಟ್ಟಿಯಲ್ಲಿ ಇಲ್ಲದ ಕೆಲಸಗಳು: ಸೋಪಿನಿಂದ ಆರ್ಯಭಟದವರೆಗೆ

ಇವತ್ತಿನ ಕಂತು ಇತಿಹಾಸದ್ದೇ. ಆದರೆ ಇದು ಶುರುವಾಗಿದ್ದು ನಮ್ಮ ಚಿಕ್ಕಮ್ಮನ ಮನೆ ಹಾಲ್‌ನಲ್ಲಿ.

ಸಿಇಟಿ ರಿಸಲ್ಟ್ ಬಂದ ವಾರ ಅದು. ಚಿಕ್ಕಮ್ಮನ ಮಗಳನ್ನ ಮನೇಲಿ ಎಲ್ಲರೂ ಪುಟ್ಟಿ ಅಂತಾನೇ ಕರೆಯೋದು. ಸೆಕೆಂಡ್ ಪಿಯುಸಿ ಸೈನ್ಸ್ ಮುಗಿಸಿದಾಳೆ. ರ‍್ಯಾಂಕ್ ಅಂದುಕೊಂಡಷ್ಟು ಚೆನ್ನಾಗಿ ಬಂದಿರಲಿಲ್ಲ. ಮಾವ ಒಂದು ಹಾಳೆ, ಒಂದು ಪೆನ್ನು ಹಿಡ್ಕೊಂಡು ಕೂತಿದ್ರು. ಮೇಲ್ಗಡೆ 'ಎಂಬಿಬಿಎಸ್' ಅಂತ ಬರೆದು, ಅದನ್ನ ಹೊಡೆದು ಹಾಕಿದ್ರು. ಕೆಳಗೆ 'ಕಂಪ್ಯೂಟರ್ ಸೈನ್ಸ್'. ಅದರ ಮುಂದೆ ಮ್ಯಾನೇಜ್‌ಮೆಂಟ್ ಸೀಟಿನ ಫೀಸು. ಆ ಅಂಕಿ ನೋಡಿದ ಮೇಲೆ ಚಿಕ್ಕಪ್ಪ ಊಟ ಮುಗಿಯೋವರೆಗೂ ಮಾತಾಡಲಿಲ್ಲ. ಹಾಳೆಯ ಉಳಿದ ಭಾಗ ಪೂರ್ತಿ ಖಾಲಿ.

ರಾತ್ರಿ ಟೆರೇಸ್ ಮೇಲೆ ಅವಳು ನನ್ನ ಕೇಳಿದ್ದು ಒಂದೇ ಪ್ರಶ್ನೆ: "ಅಣ್ಣ, ಸೈನ್ಸ್ ಅಂದ್ರೆ ಇಷ್ಟೇನಾ ಇರೋದು?"

ನಾನು ಬಿಕಾಂ. ಎಸ್ಸೆಸ್ಸೆಲ್ಸಿ ಆದಾಗ, ಸೈನ್ಸ್ ತಗೊಂಡ್ರೆ ಟ್ಯೂಷನ್ ದುಡ್ಡು ಎಲ್ಲಿಂದ ತರೋದು ಅಂತ ಅಪ್ಪ ಕೇಳಿದ್ರು. ಕಾಮರ್ಸ್‌ಗೆ ಹೋದೆ. ಬೇಜಾರೇನಿಲ್ಲ, ಅದೇ ಇವತ್ತು ಅನ್ನ ಹಾಕ್ತಿದೆ. ಆದರೆ ಪುಟ್ಟಿ ಪ್ರಶ್ನೆಗೆ ನನ್ನ ಹತ್ರ ಉತ್ತರ ಇರಲಿಲ್ಲ. ನನಗೆ ಚೆನ್ನಾಗಿ ಬರೋದು ಒಂದೇ ಕೆಲಸ, ಹಳೇ ಲೆಕ್ಕ ತೆಗೆದು ನೋಡೋದು. ಹಾಗಾಗಿ ಹುಡುಕೋಕೆ ಕೂತೆ. ವಿಜ್ಞಾನ, ಎಂಜಿನಿಯರಿಂಗ್ ಓದಿದ್ರೆ ಇಂಥಿಂಥಾ ಕೆಲಸ ಸಿಗುತ್ತೆ ಅನ್ನೋ ಈ ಪಟ್ಟಿ ನಮ್ಮ ನಾಡಲ್ಲಿ ಹುಟ್ಟಿದ್ದು ಯಾವಾಗ? ಅದನ್ನ ಬರೆದವರು ಯಾರು?

ಬನ್ನಿ, 1881ಕ್ಕೆ ಹೋಗೋಣ.

ಕಾಲೇಜೇ ಇಲ್ಲದ ಎಂಜಿನಿಯರ್

ಆ ವರ್ಷ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಿಂದ ಮುದ್ದೇನಹಳ್ಳಿಯ ಒಬ್ಬ ಹುಡುಗ ಬಿಎ ಪಾಸ್ ಮಾಡ್ತಾನೆ. ಅಪ್ಪ ಚಿಕ್ಕ ವಯಸ್ಸಲ್ಲೇ ತೀರಿಕೊಂಡಿದ್ದಾರೆ. ಬೇರೆಯವರ ಮಕ್ಕಳಿಗೆ ಪಾಠ ಹೇಳಿಕೊಟ್ಟು ತನ್ನ ಓದಿನ ಖರ್ಚು ನೋಡಿಕೊಂಡವನು. ಹೆಸರು ನಿಮಗೆಲ್ಲ ಗೊತ್ತು, ಎಂ. ವಿಶ್ವೇಶ್ವರಯ್ಯ.

ಇವರ ಕಥೇನ ಸ್ಕೂಲಲ್ಲಿ ಸೆಪ್ಟೆಂಬರ್ 15ಕ್ಕೆ ಪ್ರತಿ ವರ್ಷ ಕೇಳಿದೀವಿ. ಆದರೆ ಒಂದು ವಿಷಯವನ್ನ ನಾನು ಗಮನಿಸಿರಲೇ ಇಲ್ಲ. ಅವರ ಮೊದಲ ಡಿಗ್ರಿ ಬಿಎ. ಅವರು ಎಂಜಿನಿಯರ್ ಆಗಬೇಕು ಅಂದಾಗ ಮೈಸೂರು ಸಂಸ್ಥಾನದಲ್ಲಿ ಎಂಜಿನಿಯರಿಂಗ್ ಡಿಗ್ರಿ ಕೊಡೋ ಕಾಲೇಜೇ ಇರಲಿಲ್ಲ. ಮೈಸೂರು ಸರ್ಕಾರ ವಿದ್ಯಾರ್ಥಿವೇತನ ಕೊಟ್ಟಿದ್ದರಿಂದ ಪುಣೆಯ ಸೈನ್ಸ್ ಕಾಲೇಜಿಗೆ ಹೋದರು. 1883ರಲ್ಲಿ ಎಲ್‌ಸಿಇ, ಅಂದರೆ ಸಿವಿಲ್ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲ ಸ್ಥಾನ. ಮಾರನೇ ವರ್ಷ ಬಾಂಬೆ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಅಸಿಸ್ಟೆಂಟ್ ಎಂಜಿನಿಯರ್.

ಅವತ್ತು ಎಂಜಿನಿಯರ್ ಅಂದ್ರೆ ಇಷ್ಟೇ: ರಸ್ತೆ, ಸೇತುವೆ, ಕೆರೆ, ಕಾಲುವೆ, ರೈಲು. ಕೆಲಸ ಕೊಡೋದೂ ಹೆಚ್ಚುಕಡಿಮೆ ಸರ್ಕಾರ ಒಂದೇ. ಮಾವ ಅವತ್ತು ಹಾಳೆ ಹಿಡ್ಕೊಂಡು ಕೂತಿದ್ರೆ ಪಟ್ಟಿ ಇನ್ನೂ ಚಿಕ್ಕದಾಗಿರ್ತಿತ್ತು. ಬೆಂಗಳೂರಿಗೆ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಬಂದಿದ್ದು 1917ರಲ್ಲಿ. ಕೆ.ಆರ್. ಸರ್ಕಲ್ ಹತ್ರ ಇರೋ ಇವತ್ತಿನ ಯುವಿಸಿಇ ಅದೇ. ಅಂದರೆ ವಿಶ್ವೇಶ್ವರಯ್ಯ ಎಲ್‌ಸಿಇ ಪಾಸಾಗಿ 34 ವರ್ಷ ಆದ ಮೇಲೆ. ಅದನ್ನ ತೆರೆಯುವಾಗ ದಿವಾನರಾಗಿದ್ದವರು ಅವರೇ. ತನಗೆ ಸಿಗದೇ ಇದ್ದ ಬಾಗಿಲನ್ನ ಬೇರೆಯವರಿಗೆ ಇಟ್ಟರು ಅನ್ನಬಹುದು. ಆ ಬಾಗಿಲಲ್ಲಿ ಯಾರು ಒಳಗೆ ಹೋದರು ಅನ್ನೋದು ಬೇರೆ ಪ್ರಶ್ನೆ, ಅದಕ್ಕೆ ಆಮೇಲೆ ಬರ್ತೀನಿ.

ಒಂದು ತಂತಿ ಎಳೆದರೆ ಏನಾಗುತ್ತೆ

1902ರ ಜೂನ್ 30. ಶಿವನಸಮುದ್ರದಲ್ಲಿ ಕಾವೇರಿ ನೀರಿನಿಂದ ತಯಾರಾದ ಕರೆಂಟು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹೋಯ್ತು. ಆ ಕಾಲಕ್ಕೆ ಪ್ರಪಂಚದಲ್ಲೇ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಇದೂ ಒಂದು. ಯಂತ್ರಗಳು ಅಮೆರಿಕ, ಸ್ವಿಟ್ಜರ್ಲೆಂಡ್‌ನಿಂದ ಬಂದವು. 1905ರಲ್ಲಿ ಅದೇ ಕರೆಂಟು ಬೆಂಗಳೂರಿನ ಬೀದಿ ದೀಪಗಳಿಗೂ ಬಂತು.

ಈಗ ಸ್ವಲ್ಪ ಯೋಚನೆ ಮಾಡಿ. ಯಂತ್ರವನ್ನ ಹಡಗಲ್ಲಿ ತರಿಸಬಹುದು. ಆದರೆ ಮಳೆಗಾಲದಲ್ಲಿ ಕಾಡಿನ ಮಧ್ಯೆ ತಂತಿ ಕಿತ್ತುಹೋದಾಗ ಹೋಗಿ ಸರಿಮಾಡೋರು ಯಾರು? ಟರ್ಬೈನ್ ಮುಂದೆ ರಾತ್ರಿ ಪಾಳಿ ಕೂರೋರು ಯಾರು? ಲೆಕ್ಕ ಇಟ್ಟು ನಾಳೆ ಎಷ್ಟು ಕರೆಂಟು ಬೇಕು ಅಂತ ಹೇಳೋರು ಯಾರು? ಈ ಊರಲ್ಲಿ 'ಎಲೆಕ್ಟ್ರಿಕಲ್' ಅನ್ನೋದು ಹೊಟ್ಟೆಪಾಡಿನ ಕೆಲಸ ಆಗಿದ್ದು ಹಾಗೆ. ಕಾಲೇಜು ಕೋರ್ಸಿನ ಪುಸ್ತಕದಲ್ಲಿ ಬರೋಕೆ ಮುಂಚೆ ಅದು ಕಂಬದ ಮೇಲೆ ಬಂತು.

ಕೋರ್ಸ್ ಆಮೇಲೆ ಬಂತು. ಟಾಟಾ ಅವರ ದುಡ್ಡು, ಮೈಸೂರು ಸಂಸ್ಥಾನ ಕೊಟ್ಟ ಜಾಗ ಎರಡೂ ಸೇರಿ 1909ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಹುಟ್ಟಿತು. ಬಿಎಂಟಿಸಿ ಕಂಡಕ್ಟರ್ ಇವತ್ತಿಗೂ 'ಟಾಟಾ ಇನ್‌ಸ್ಟಿಟ್ಯೂಟ್' ಅಂತಾನೇ ಕೂಗ್ತಾರೆ. 1911ರಲ್ಲಿ ಪಾಠ ಶುರುವಾದಾಗ ಇದ್ದ ವಿದ್ಯಾರ್ಥಿಗಳು 24 ಜನ. ಮೊದಲ ವಿಭಾಗಗಳು ಯಾವುವು ಗೊತ್ತಾ? ರಸಾಯನಶಾಸ್ತ್ರ ಒಂದು, ಎಲೆಕ್ಟ್ರಿಕಲ್ ಟೆಕ್ನಾಲಜಿ ಇನ್ನೊಂದು. ಊರಿಗೆ ಕರೆಂಟು ಬಂದು ಆಗಿತ್ತು. ಆ ಕೆಲಸಕ್ಕೆ ಓದು ಹಿಂದೆ ಬಂತು.

ಯುದ್ಧ ಕೊಟ್ಟ ಸೋಪು

ಇನ್ನೊಂದು ವಿಭಾಗ ಇತ್ತಲ್ಲ, ರಸಾಯನಶಾಸ್ತ್ರ. ಅದರ ಫಲ ನಿಮ್ಮ ಬಾತ್‌ರೂಮಲ್ಲೇ ಇರಬಹುದು.

ಮೈಸೂರು ಸಂಸ್ಥಾನಕ್ಕೆ ಗಂಧದ ಮರ ದೊಡ್ಡ ಆದಾಯ. ಆದರೆ ನಾವು ಮಾರ್ತಿದ್ದಿದ್ದು ಮರವನ್ನ. ಅದು ಯೂರೋಪಿಗೆ, ಮುಖ್ಯವಾಗಿ ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆ ಆಗ್ತಿತ್ತು. 1914ರಲ್ಲಿ ಮೊದಲ ಮಹಾಯುದ್ಧ ಶುರುವಾಯ್ತು, ಹಡಗು ನಿಂತವು, ಮರ ಇಲ್ಲೇ ರಾಶಿ ಬಿತ್ತು. ಕಾಮರ್ಸ್‌ನವನಾಗಿ ಹೇಳ್ತೀನಿ, ಸ್ಟಾಕ್ ಇದೆ, ಗಿರಾಕಿ ಇಲ್ಲ. ಇದಕ್ಕಿಂತ ಕೆಟ್ಟ ಸ್ಥಿತಿ ವ್ಯಾಪಾರದಲ್ಲಿ ಇಲ್ಲ.

ಆಗ ಟಾಟಾ ಇನ್‌ಸ್ಟಿಟ್ಯೂಟಿನ ರಸಾಯನ ವಿಜ್ಞಾನಿಗಳಾದ ಸಡ್‌ಬರೋ ಮತ್ತು ವಾಟ್ಸನ್ ಇಲ್ಲೇ ಗಂಧದ ಎಣ್ಣೆ ಬಟ್ಟಿ ಇಳಿಸೋ ವಿಧಾನವನ್ನ ಸಿದ್ಧಮಾಡಿದರು. 1916ರಲ್ಲಿ ಬೆಂಗಳೂರಲ್ಲಿ, ಮಾರನೇ ವರ್ಷ ಮೈಸೂರಲ್ಲಿ ಎಣ್ಣೆ ಕಾರ್ಖಾನೆ ಬಂತು. ಎಣ್ಣೆ ಆಯ್ತು, ಅದರಿಂದ ಸೋಪು ಯಾಕೆ ಮಾಡಬಾರದು? ಎಸ್.ಜಿ. ಶಾಸ್ತ್ರಿ ಅನ್ನೋ ರಸಾಯನ ವಿಜ್ಞಾನಿಯನ್ನ ಸರ್ಕಾರ ಇಂಗ್ಲೆಂಡಿಗೆ ಕಳಿಸಿತು, ಸೋಪಿನ ತಂತ್ರ ಕಲಿತು ಬನ್ನಿ ಅಂತ. 1918ರಲ್ಲಿ ಸೋಪ್ ಕಾರ್ಖಾನೆ ಶುರು. ಅವರಿಗೆ ಜನ ಇಟ್ಟ ಹೆಸರೇ 'ಸೋಪ್ ಶಾಸ್ತ್ರಿ'.

ಈಗ ಕಲ್ಪನೆ ಮಾಡಿಕೊಳ್ಳಿ. 1910ರಲ್ಲಿ ಒಬ್ಬ ಹುಡುಗ ಮನೆಗೆ ಬಂದು "ನಾನು ಸೋಪಿನ ಪರಿಮಳದ ತಜ್ಞ ಆಗ್ತೀನಿ" ಅಂದಿದ್ರೆ ಅವನ ಮಾವ ಏನಂತಿದ್ರು? ಆ ಕೆಲಸ ಯಾರ ಹಾಳೇಲೂ ಇರಲಿಲ್ಲ. ಎಂಟು ವರ್ಷದಲ್ಲಿ ಅದೊಂದು ಕಾರ್ಖಾನೆ ಆಯ್ತು. ಕೆಮಿಸ್ಟ್, ಬಾಯ್ಲರ್ ನೋಡೋರು, ಅಚ್ಚು ಮಾಡೋರು, ಪ್ಯಾಕಿಂಗ್‌ನೋರು, ಅಕೌಂಟ್ಸ್‌ನೋರು, ಇಷ್ಟೂ ಜನಕ್ಕೆ ಕೆಲಸ ಆಯ್ತು.

ಬಾಗಿಲು ಯಾರಿಗೆ?

ಇಲ್ಲಿವರೆಗೆ ಕಥೆ ಚೆನ್ನಾಗಿದೆ. ಆದರೆ ಲೆಕ್ಕ ಪುಸ್ತಕಕ್ಕೆ ಎರಡು ಬದಿ ಇರುತ್ತೆ.

ಈ ಹೊಸ ಕಾಲೇಜು, ಹೊಸ ಹುದ್ದೆಗಳಿಗೆ ಹೋದವರು ಯಾರು? ಆ ಕಾಲದ ಮೈಸೂರಿನ ಸರ್ಕಾರಿ ಹುದ್ದೆಗಳಲ್ಲಿ, ಅದರಲ್ಲೂ ಮೇಲಿನ ಹುದ್ದೆಗಳಲ್ಲಿ, ಬ್ರಾಹ್ಮಣರೇ ಬಹುಪಾಲು ಇದ್ದರು. ಉಳಿದ ಸಮುದಾಯಗಳ ಮಕ್ಕಳು ಹೈಸ್ಕೂಲ್ ತನಕ ಬರೋದೇ ಕಷ್ಟ ಇತ್ತು. ಇದರ ವಿರುದ್ಧ ದನಿ ಎದ್ದಾಗ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ್ 1918ರಲ್ಲಿ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿದರು. ಹಿಂದುಳಿದ ಸಮುದಾಯಗಳಿಗೆ ಹುದ್ದೆಗಳಲ್ಲಿ ಪಾಲು ಕೊಡಬೇಕು, ಓದೋಕೆ ವಿದ್ಯಾರ್ಥಿವೇತನ ಕೊಡಬೇಕು ಅಂತ ಆ ಸಮಿತಿ ಹೇಳಿತು. ಅರ್ಹತೆಗೆ ಪೆಟ್ಟು ಬೀಳುತ್ತೆ ಅನ್ನೋದು ವಿಶ್ವೇಶ್ವರಯ್ಯನವರ ವಾದ. ಅವರು ಇದನ್ನ ಒಪ್ಪಲಿಲ್ಲ, 1918ರಲ್ಲೇ ದಿವಾನ್ ಹುದ್ದೆ ಬಿಟ್ಟರು.

ನನಗೆ ಇಲ್ಲಿ ಒಂದು ವಿಷಯ ಕಾಡುತ್ತೆ. ಅವರನ್ನ ಪುಣೆಗೆ ಕಳಿಸಿದ್ದು ಕೂಡ ಒಂದು ವಿದ್ಯಾರ್ಥಿವೇತನವೇ. ಅವರ ಬುದ್ಧಿಶಕ್ತಿ ದೊಡ್ಡದು, ಅದರಲ್ಲಿ ಅನುಮಾನ ಇಲ್ಲ. ಆದರೆ ಸರ್ಕಾರ ಆ ದುಡ್ಡು ಕೊಡದೇ ಇದ್ದಿದ್ರೆ, ಬಿಎ ಮುಗಿಸಿದ ಆ ಹುಡುಗ ಎಲ್ಲಿರ್ತಿದ್ದ? ಆ ದಿನಗಳಲ್ಲಿ ಅಂಥಾ ಎಷ್ಟು ಹುಡುಗರು, ಎಷ್ಟು ಹುಡುಗಿಯರು ಕೈಗೆ ಏನೂ ಸಿಗದೆ ಹೊಲಕ್ಕೆ ವಾಪಸ್ ಹೋದರು? ಅವರ ಹೆಸರಲ್ಲಿ ಸರ್ಕಲ್ ಇಲ್ಲ.

ಹುಡುಗಿಯರು ಅಂದೆ. 1933ಕ್ಕೆ ಬನ್ನಿ.

ಬಾಂಬೆಯ ಕಮಲಾ ಭಾಗವತ್, ಮದುವೆ ಆದ ಮೇಲೆ ಕಮಲಾ ಸೊಹೊನಿ. ಬಾಂಬೆ ವಿಶ್ವವಿದ್ಯಾಲಯದ ಬಿಎಸ್ಸಿಯಲ್ಲಿ ಮೊದಲ ಸ್ಥಾನ. ಅವರ ಅಪ್ಪ, ಅಪ್ಪನ ಸೋದರ ಇಬ್ಬರೂ ಟಾಟಾ ಇನ್‌ಸ್ಟಿಟ್ಯೂಟಲ್ಲೇ ಓದಿದ ರಸಾಯನ ವಿಜ್ಞಾನಿಗಳು. ಇವರೂ ಅರ್ಜಿ ಹಾಕಿದರು. ಆಗ ನಿರ್ದೇಶಕರು ಸರ್ ಸಿ.ವಿ. ರಾಮನ್, ನೊಬೆಲ್ ಬಂದು ಮೂರು ವರ್ಷ ಆಗಿತ್ತು. ಹೆಣ್ಣು ಅನ್ನೋ ಕಾರಣಕ್ಕೆ ಅರ್ಜಿ ತಿರಸ್ಕಾರ ಆಯ್ತು. ಕಮಲಾ ರೈಲು ಹತ್ತಿ ಬೆಂಗಳೂರಿಗೇ ಬಂದು ಎದುರು ನಿಂತರು. ಕೊನೆಗೆ ಷರತ್ತಿನ ಮೇಲೆ ಸೇರಿಸಿಕೊಂಡರು: ಮೊದಲ ವರ್ಷ ಖಾಯಂ ವಿದ್ಯಾರ್ಥಿ ಅಲ್ಲ. ಗೈಡ್ ಹೇಳಿದರೆ ತಡರಾತ್ರಿವರೆಗೂ ಕೆಲಸ ಮಾಡಬೇಕು. ಲ್ಯಾಬಿನ ವಾತಾವರಣ ಕೆಡಿಸಬಾರದು.

ಆ ಮೂರನೇ ಷರತ್ತು ಓದಿದಾಗ ನಾನು ಮೊಬೈಲ್ ಕೆಳಗಿಟ್ಟೆ. ಅವಳು ಅಲ್ಲಿ ಇರೋದೇ ಕೆಡುಕು ಅಂತ ಅದರರ್ಥ.

ಎಂ. ಶ್ರೀನಿವಾಸಯ್ಯ ಅವರ ಕೈಕೆಳಗೆ ಕಮಲಾ ಹಾಲು, ಬೇಳೆಕಾಳುಗಳ ಪ್ರೊಟೀನ್ ಮೇಲೆ ಕೆಲಸ ಮಾಡಿದರು. ಒಂದು ವರ್ಷ ಆದ ಮೇಲೆ ರಾಮನ್ ಒಪ್ಪಿದರು. ಅದರ ನಂತರ ಬೇರೆ ಹುಡುಗಿಯರಿಗೂ ಬಾಗಿಲು ತೆರೆಯಿತು. ಕಮಲಾ ಕೇಂಬ್ರಿಜ್‌ಗೆ ಹೋಗಿ 1939ರಲ್ಲಿ ಪಿಎಚ್‌ಡಿ ಪಡೆದರು. ಸಸ್ಯಗಳ ಜೀವಕೋಶದಲ್ಲೂ ಸೈಟೋಕ್ರೋಮ್ ಸಿ ಅನ್ನೋ ವಸ್ತು ಇದೆ, ಅವೂ ನಮ್ಮ ಹಾಗೇ ಅದನ್ನ ಬಳಸಿ ಉಸಿರಾಡುತ್ತವೆ ಅಂತ ತೋರಿಸಿದ ಕೆಲಸ ಅವರದ್ದು. ಮುಂದೆ ಬಾಂಬೆಯ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನ ನಿರ್ದೇಶಕಿ ಆದರು. ಅಷ್ಟೆಲ್ಲ ಆದರೂ ಬೆಂಗಳೂರಿನ ಆ ಅವಮಾನವನ್ನ ಅವರು ಮರೆಯಲಿಲ್ಲ, ಕೊನೆಗಾಲದಲ್ಲೂ ಅದರ ಬಗ್ಗೆ ಮಾತಾಡಿದರು.

ಇತಿಹಾಸ ಬಿಟ್ಟು ರೇಡಿಯೋ ತರಂಗ

ಹತ್ತು ವರ್ಷ ಬಿಟ್ಟು, 1943ರಲ್ಲಿ, ಅದೇ ಕ್ಯಾಂಪಸ್ಸಿಗೆ ಇನ್ನೊಬ್ಬ ಹುಡುಗಿ ಬಂದರು. ರಾಜೇಶ್ವರಿ ಚಟರ್ಜಿ. ನಮ್ಮ ಕರ್ನಾಟಕದವರೇ. ಇವರ ಅಜ್ಜಿ ಕಮಲಮ್ಮ ದಾಸಪ್ಪ ಮೈಸೂರು ಸಂಸ್ಥಾನದ ಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು. ಒಂದು ತಲೆಮಾರಿನ ಹೆಣ್ಣು ಡಿಗ್ರಿ ಮಾಡಿದ್ದಕ್ಕೆ ಎರಡು ತಲೆಮಾರು ಆದ ಮೇಲೆ ಫಲ ಬಂತು, ನೋಡಿ.

ಇವರಿಗೆ ಶಾಲೆ ಮುಗಿದಾಗ ಇತಿಹಾಸ ಓದೋಣ ಅಂತ ಆಸೆ ಇತ್ತಂತೆ. ನಮ್ಮ ಪಾಡ್‌ಕಾಸ್ಟಿಗೆ ನಷ್ಟ, ದೇಶಕ್ಕೆ ಲಾಭ. ಸೆಂಟ್ರಲ್ ಕಾಲೇಜಲ್ಲಿ ಗಣಿತ ಎಂಎಸ್ಸಿ ಮಾಡಿದರು. ಆದರೆ ಇನ್‌ಸ್ಟಿಟ್ಯೂಟಲ್ಲಿ ಸೇರಿದ್ದು ಸಂಪರ್ಕ ಎಂಜಿನಿಯರಿಂಗ್ ಕಡೆ. ಗಣಿತದವರು ರೇಡಿಯೋ ಕಡೆ ಹೇಗೆ? ತರಂಗಗಳ ಲೆಕ್ಕವೆಲ್ಲ ಗಣಿತವೇ ಅಲ್ವಾ. ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿ 1947ರಲ್ಲಿ ಹಡಗು ಹತ್ತಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಹೋದರು. 1953ರಲ್ಲಿ ಪಿಎಚ್‌ಡಿ ಮುಗಿಸಿ ವಾಪಸ್ ಬಂದು ಇಲ್ಲೇ ಅಧ್ಯಾಪಕಿ. ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಅಂತ ಇವರನ್ನೇ ಹೇಳೋದು.

ಪತಿ ಶಿಶಿರ್ ಕುಮಾರ್ ಚಟರ್ಜಿ ಜೊತೆ ಸೇರಿ ಮೈಕ್ರೋವೇವ್ ಎಂಜಿನಿಯರಿಂಗ್ ಸಂಶೋಧನೆ ನಡೆಸಿದರು. ಮೈಕ್ರೋವೇವ್ ಅಂದ ತಕ್ಷಣ ಅಡುಗೆಮನೆ ನೆನಪಾಗಬೇಡಿ. ರಾಡಾರ್, ಉಪಗ್ರಹ, ನಿಮ್ಮ ಕೈಲಿರೋ ಮೊಬೈಲಿನ ಸಿಗ್ನಲ್, ಎಲ್ಲ ಆ ತರಂಗಗಳದ್ದೇ ಸಂಸಾರ. ಅವರು ಶಾಲೆಯಲ್ಲಿದ್ದಾಗ ಈ ವಿಷಯಕ್ಕೆ ಇಲ್ಲಿ ಕೋರ್ಸೇ ಇರಲಿಲ್ಲ. 1982ರಲ್ಲಿ ನಿವೃತ್ತರಾಗುವ ಹೊತ್ತಿಗೆ 20 ಜನ ಅವರ ಕೈಕೆಳಗೆ ಪಿಎಚ್‌ಡಿ ಮಾಡಿದ್ದರು.

ಡಿಪ್ಲೊಮಾದಿಂದ ಗುರುದತ್ ಸಿನಿಮಾಕ್ಕೆ

"ಅಣ್ಣ, ಇವರೆಲ್ಲ ಫಸ್ಟ್ ರ‍್ಯಾಂಕ್‌ನೋರು. ನನ್ನಂಥೋರ ಕಥೆ ಹೇಳು" ಅಂದಳು ಪುಟ್ಟಿ. ಸರಿಯಾದ ಮಾತು.

1943ರಲ್ಲೇ ಬೆಂಗಳೂರಲ್ಲಿ ಇನ್ನೊಂದು ಸಂಸ್ಥೆ ಶುರುವಾಯ್ತು, ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್. ಇವತ್ತಿನ ಎಸ್‌ಜೆ ಪಾಲಿಟೆಕ್ನಿಕ್. ಇದರ ಹಿಂದೆಯೂ ವಿಶ್ವೇಶ್ವರಯ್ಯನವರ ಪ್ರಯತ್ನವೇ ಇತ್ತು. ಡಿಗ್ರಿ ಬೇಡ, ಕೈಗೆ ಕೆಲಸ ಕಲಿಸೋ ಡಿಪ್ಲೊಮಾ ಸಾಕು ಅನ್ನೋರಿಗೆ ಅದು. ಅಲ್ಲಿದ್ದ ಒಂದು ಕೋರ್ಸ್ ಕೇಳಿ ನನಗೆ ನಂಬಿಕೆ ಬರಲಿಲ್ಲ: ಸಿನಿಮಾಟೋಗ್ರಫಿ.

ಮೈಸೂರಿನ ವಿ.ಕೆ. ಮೂರ್ತಿ ಅಲ್ಲಿ ಆ ಡಿಪ್ಲೊಮಾ ಮಾಡಿದರು. ಆಮೇಲೆ ಬಾಂಬೆಗೆ ಹೋದರು. ಗುರುದತ್ ಅವರ 'ಪ್ಯಾಸಾ' ನೋಡಿದೀರಾ? ಕ್ಯಾಮೆರಾ ಇವರದ್ದು. 1959ರ 'ಕಾಗಜ್ ಕೆ ಫೂಲ್' ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ, ಅದೂ ಇವರದ್ದೇ. ಅದರಲ್ಲಿ ಕತ್ತಲ ಸ್ಟುಡಿಯೋ ಒಳಗೆ ಕೋಲಿನ ಹಾಗೆ ಬೆಳಕು ಇಳಿಯೋ ದೃಶ್ಯ ಇದೆ. ಕನ್ನಡಿಗಳನ್ನ ಹಿಡಿದು ಹೊರಗಿನ ಬಿಸಿಲನ್ನೇ ಒಳಗೆ ತಂದಿದ್ದು. ಹೈಸ್ಕೂಲಿನ 'ಬೆಳಕಿನ ಪ್ರತಿಫಲನ' ಪಾಠ ನೆನಪಿದೆಯಾ? ನಾವು ಎರಡು ಮಾರ್ಕಿಗೆ ಬರೆದು ಮರೆತಿದ್ದು ಅದೇ. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಇವರು.

ಪೀಣ್ಯದ ಶೆಡ್ಡು

ಕೊನೆಯ ನಿಲ್ದಾಣ. 1940ರಲ್ಲಿ, ಎರಡನೇ ಮಹಾಯುದ್ಧದ ಮಧ್ಯೆ, ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮತ್ತು ಮೈಸೂರು ಸರ್ಕಾರ ಸೇರಿ ಬೆಂಗಳೂರಲ್ಲಿ ವಿಮಾನ ಕಾರ್ಖಾನೆ ತೆರೆದರು. ಅದೇ ಎಚ್‌ಎಎಲ್. ಇನ್‌ಸ್ಟಿಟ್ಯೂಟಲ್ಲಿ ವಿಮಾನ ಎಂಜಿನಿಯರಿಂಗ್ ವಿಭಾಗ ಬಂದಿದ್ದು 1942ರಲ್ಲಿ. ಮತ್ತೆ ಅದೇ ಕ್ರಮ, ಗಮನಿಸಿದ್ರಾ? ಮೊದಲು ಕಾರ್ಖಾನೆ, ಆಮೇಲೆ ಕೋರ್ಸು. 1951ರಲ್ಲಿ ಇಲ್ಲೇ ವಿನ್ಯಾಸ ಮಾಡಿದ ತರಬೇತಿ ವಿಮಾನ ಎಚ್‌ಟಿ-2 ಹಾರಿತು. ಆಮೇಲೆ ಐಟಿಐ, ಬಿಇಎಲ್, ಎಚ್‌ಎಂಟಿ. ಟೆಲಿಫೋನು, ರೇಡಿಯೋ, ವಾಚು. ಬೆಂಗಳೂರಿನ ಎಷ್ಟೋ ಮನೆಗಳು ಕಟ್ಟಿದ್ದು ಆ ಸಂಬಳದಲ್ಲಿ.

ಇನ್ನು ಉಡುಪಿ ಹತ್ತಿರದ ಅದಮಾರಿನ ಯು.ಆರ್. ರಾವ್. ಹೈಸ್ಕೂಲು ಉಡುಪಿ, ಆಮೇಲೆ ಬಳ್ಳಾರಿ, ಅನಂತಪುರ, ಬನಾರಸ್. ಓದಿದ್ದು ಭೌತಶಾಸ್ತ್ರ. ಸಂಶೋಧನೆ ಮಾಡಿದ್ದು ಕಾಸ್ಮಿಕ್ ಕಿರಣಗಳ ಮೇಲೆ, ವಿಕ್ರಂ ಸಾರಾಭಾಯ್ ಕೈಕೆಳಗೆ. ಅವರು ಪಿಯುಸಿ ವಯಸ್ಸಲ್ಲಿದ್ದಾಗ ಪ್ರಪಂಚದಲ್ಲಿ ಉಪಗ್ರಹ ಅನ್ನೋದೇ ಇರಲಿಲ್ಲ. ಮೊದಲ ಸ್ಪುಟ್ನಿಕ್ ಹಾರಿದ್ದೇ 1957ರಲ್ಲಿ. ಸಾರಾಭಾಯ್ ತೀರಿಕೊಂಡ ಮೇಲೆ ಭಾರತದ ಮೊದಲ ಉಪಗ್ರಹ ಕಟ್ಟೋ ಹೊಣೆ ಇವರ ಮೇಲೆ ಬಿತ್ತು. ಜಾಗ ಎಲ್ಲಿ? ಪೀಣ್ಯ ಕೈಗಾರಿಕಾ ಪ್ರದೇಶದ ಶೆಡ್ಡುಗಳು. ಜೊತೆಗಿದ್ದವರಲ್ಲಿ ಯಾರೂ ಹಿಂದೆ ಉಪಗ್ರಹ ಕಟ್ಟಿದವರಲ್ಲ. ಬೆಂಗಳೂರಲ್ಲಿ ಒಂದು ಶೌಚಾಲಯವನ್ನೇ ಡೇಟಾ ಸ್ವೀಕರಿಸೋ ಕೇಂದ್ರ ಮಾಡಿಕೊಂಡಿದ್ದನ್ನ ರಾವ್ ಅವರೇ ಹೇಳಿಕೊಂಡಿದ್ದಾರೆ. 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ ಮೇಲೆ 360 ಕಿಲೋ ತೂಕದ ಆರ್ಯಭಟ ಹಾರಿತು. ಕೆಲವೇ ದಿನಗಳಲ್ಲಿ ವಿದ್ಯುತ್ ತೊಂದರೆಯಿಂದ ಅದರ ಪ್ರಯೋಗಗಳು ನಿಂತವು. ಆದರೆ ಕಟ್ಟೋದು ಹೇಗೆ ಅಂತ ಗೊತ್ತಾಗಿತ್ತು. ಮನೇಲಿ ಹಳೇ ಎರಡು ರೂಪಾಯಿ ನೋಟಿದ್ರೆ ಹಿಂದೆ ತಿರುಗಿಸಿ ನೋಡಿ, ಆರ್ಯಭಟ ಅಲ್ಲೇ ಇದೆ.

ಹಾಗಾದ್ರೆ ಪುಟ್ಟಿಗೆ ಏನು ಹೇಳಿದೆ?

'ನಿನ್ನ ಕನಸಿನ ಹಿಂದೆ ಹೋಗು' ಅಂತ ಹೇಳಲಿಲ್ಲ. ಫೀಸು ಕಟ್ಟೋರು ಚಿಕ್ಕಪ್ಪ, ಕನಸು ಕಂತು ಕಟ್ಟಲ್ಲ. ನಾನು ಹೇಳಿದ ಕಥೆಗಳೆಲ್ಲ ಗೆದ್ದವರದ್ದು ಅನ್ನೋದೂ ನನಗೆ ಗೊತ್ತು. ಆದರೆ ಈ ಹಳೇ ಲೆಕ್ಕದಲ್ಲಿ ಎರಡು ವಿಷಯ ಮತ್ತೆ ಮತ್ತೆ ಬರುತ್ತೆ.

ಒಂದು, ಕೆಲಸ ಮೊದಲು ಬರುತ್ತೆ, ಕೋರ್ಸಿನ ಹೆಸರು ಆಮೇಲೆ. ಅಂದ ಮೇಲೆ ಯಾವ ಮಾವನ ಪಟ್ಟಿಯೂ ಸ್ವಲ್ಪ ಹಳೇದೇ. ಹಾಗಾಗಿ ಬ್ರಾಂಚಿನ ಹೆಸರಿಗಿಂತ, ಸುತ್ತ ಯಾವ ಕೆಲಸ ನಡೀತಿದೆ, ಅದರಲ್ಲಿ ಯಾವುದು ಮಾಡೋಕೆ ನನಗೆ ಬೇಜಾರಾಗಲ್ಲ ಅಂತ ನೋಡೋದು ಮೇಲು. ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರದ ತಳಪಾಯ ಗಟ್ಟಿ ಇದ್ದವರು ಎಷ್ಟು ಸಲ ದಾರಿ ಬದಲಿಸಿದರು ಅಂತ ಈಗಷ್ಟೇ ಕೇಳಿದಿರಿ.

ಎರಡು, ಎಲ್ಲರ ಕಥೆಯಲ್ಲೂ ಯಾರೋ ಒಬ್ಬರು ಬಾಗಿಲು ತೆಗೆದಿದ್ದಾರೆ. ವಿದ್ಯಾರ್ಥಿವೇತನ, ಸರ್ಕಾರಿ ಕಾಲೇಜು, ಡಿಗ್ರಿ ಮಾಡಿದ ಅಜ್ಜಿ, ಜೊತೆಗೆ ನಿಂತ ಗೈಡ್. ಬರೀ ಪ್ರತಿಭೆಯಿಂದ ಯಾರೂ ಒಳಗೆ ಹೋಗಿಲ್ಲ. ಆದ್ದರಿಂದ ಬಾಗಿಲು ಎಲ್ಲೆಲ್ಲಿ ಇದೆ ಅಂತ ಹುಡುಕೋದರಲ್ಲಿ ನಾಚಿಕೆ ಇಲ್ಲ.

ಇವತ್ತು ಇರೋ ಕೆಲವು ಬಾಗಿಲು ಹೇಳ್ತೀನಿ. ಡಿಪ್ಲೊಮಾ ಮುಗಿಸಿದವರು ಲ್ಯಾಟರಲ್ ಎಂಟ್ರಿಯಲ್ಲಿ ನೇರ ಎರಡನೇ ವರ್ಷದ ಬಿಇಗೆ ಸೇರಬಹುದು. 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ಸಹಕಾರದಿಂದ ಶುರುವಾದ ಜಿಟಿಟಿಸಿ ಇದೆ, ಎಸ್ಸೆಸ್ಸೆಲ್ಸಿ ಆದವರಿಗೆ ಟೂಲ್ ಮತ್ತು ಡೈ ಮೇಕಿಂಗ್ ಕಲಿಸುತ್ತೆ. ನಿಮ್ಮ ಮೊಬೈಲ್ ಕವರಿನಿಂದ ಕಾರಿನ ಬಿಡಿಭಾಗದವರೆಗೆ ಎಲ್ಲಕ್ಕೂ ಯಾರೋ ಅಚ್ಚು ಮಾಡಲೇಬೇಕಲ್ಲ. ಬಿಎಸ್ಸಿ ಇದೆ, ಅದಾದ ಮೇಲೆ ಎಂಎಸ್ಸಿ. ಮೈಸೂರಿನ ಸಿಎಫ್‌ಟಿಆರ್‌ಐ ಆಹಾರ ತಂತ್ರಜ್ಞಾನದಲ್ಲಿ ಎಂಎಸ್ಸಿ ಕೊಡುತ್ತೆ. ಆಸ್ಪತ್ರೆಯಲ್ಲಿ ಡಾಕ್ಟರ್ ಒಬ್ಬರೇ ಇರಲ್ಲ, ಸ್ಕ್ಯಾನ್ ಮಾಡೋರು, ಲ್ಯಾಬಲ್ಲಿ ರಕ್ತ ಪರೀಕ್ಷೆ ಮಾಡೋರು ಕೂಡ ಸೈನ್ಸ್ ಓದಿದವರೇ. ಬಿಎಸ್ಸಿ ಕೃಷಿಗೆ ಸಿಇಟಿಯಲ್ಲೇ ರೈತರ ಮಕ್ಕಳ ಕೋಟಾ ಇದೆ.

ಮುಂದಿನ ಭಾನುವಾರ ಮತ್ತೆ ಚಿಕ್ಕಮ್ಮನ ಮನೆಗೆ ಹೋದೆ. ಮಾವನ ಹಾಳೆ ಟೀವಿ ಪಕ್ಕ ಅಲ್ಲೇ ಇತ್ತು. ಖಾಲಿ ಜಾಗದಲ್ಲಿ ಪುಟ್ಟಿಯ ಕೈಬರಹ. ಸರ್ಕಾರಿ ಕಾಲೇಜು ಬಿಎಸ್ಸಿ ಕೆಮಿಸ್ಟ್ರಿ, ಮುಂದೆ ಫೀಸು. ತನ್ನ ರ‍್ಯಾಂಕಿಗೆ ಸಿಗಬಹುದಾದ ಎರಡು ಬ್ರಾಂಚು, ಮುಂದೆ ಫೀಸು, ಬಸ್ ಚಾರ್ಜು, ಹಾಸ್ಟೆಲ್ಲು. ಯಾವ ಸ್ಕಾಲರ್‌ಶಿಪ್‌ಗೆ ಯಾವ ಸರ್ಟಿಫಿಕೇಟ್ ಬೇಕು ಅನ್ನೋದೂ ಇತ್ತು. ಕೆಳಗೆ ಒಂದು ಸಾಲು: 'ಸೋಪಿಗೆ ವಾಸನೆ ಹಾಕೋರು ಯಾರು, ಏನು ಓದಿರ್ತಾರೆ? ಕೇಳಬೇಕು.'

ಮಾವ ಕನ್ನಡಕ ಏರಿಸಿಕೊಂಡು ಅದನ್ನ ಎರಡು ಸಲ ಓದಿದರು. "ಇದೂ ಒಂದು ಕೆಲಸಾನಾ?" ಅಂದರು.

"ನೂರು ವರ್ಷದಿಂದ ಇದೆ ಮಾವ" ಅಂದೆ.

ಅವಳಿನ್ನೂ ತೀರ್ಮಾನ ಮಾಡಿಲ್ಲ, ಕೌನ್ಸೆಲಿಂಗ್ ದಿನಾಂಕ ಹತ್ರ ಬರ್ತಿದೆ. ಚಿಕ್ಕಪ್ಪ ಮಾತ್ರ ಈ ಸಲ ಊಟಕ್ಕೆ ಕೂತಾಗ ಮಾತಾಡಿದರು. ಕೆಮಿಸ್ಟ್ರಿ ಕಾಲೇಜಿಗೆ ಎಷ್ಟು ಹೊತ್ತಿಗೆ ಬಸ್ಸಿದೆ ಅಂತ ಕೇಳಿದರು.

ನಿಮ್ಮ ಮನೇಲೂ ಇಂಥಾ ಒಂದು ಹಾಳೆ ಇದ್ದರೆ, ಅದನ್ನ ಬಿಸಾಕಬೇಡಿ. ಖಾಲಿ ಜಾಗ ತುಂಬಿಸೋಕೆ ಪೆನ್ನನ್ನ ಓದೋ ಮಗುವಿನ ಕೈಗೆ ಕೊಡಿ. ಕಂತು ಇಷ್ಟ ಆದ್ರೆ ರಿಸಲ್ಟ್ ನೋಡಿ ಸಪ್ಪಗೆ ಕೂತಿರೋ ಒಬ್ಬರಿಗೆ ಕಳಿಸಿ.